ಎರಡು ಫರ್ಲಾಂಗಿನ ಎಂಜಿನ್

ಕಳ್ಳಂಬೆಳ್ಳದ ಕೆರೆ ಹಿಂದಿನ ಬಾವಿಗಳಿಂದ ಹಿಡಿದು ಪಾವಗಡದ ಕಡೆ ಕ್ಯಾತಗಾನಚೆರ್ಲಿನವರೆಗೆ ಯಾರ ಪಂಪಿನ ಎಂಜಿನ್ ಕೆಟ್ಟು ನಿಂತರೂ ಶಿರಾದ ಇಮಾಮ್ ಸಾಬ್‌ಗೆ ಹೇಳಿ ಕಳಿಸುತ್ತಿದ್ದರು. ಬರುತ್ತಿದ್ದ, ಬಿಚ್ಚುತ್ತಿದ್ದ, ಸರಿ ಮಾಡುತ್ತಿದ್ದ, ಕೊಟ್ಟ ಟೀ ಕುಡಿದು ಹೋಗುತ್ತಿದ್ದ. ಮಾತಿಲ್ಲ. ರೈತರಿಗೆ ಅವನ ಬಗ್ಗೆ ಗೊತ್ತಿದ್ದದ್ದು ಅಷ್ಟೇ. ಈ ಮನುಷ್ಯ ತನ್ನ ಹಿತ್ತಲಲ್ಲಿ ಕೂತು ರೇಸಿನ ಎಂಜಿನ್ ಕಟ್ಟಿದ್ದ ಅಂದರೆ ನಕ್ಕುಬಿಡುತ್ತಿದ್ದರು. ನಗಲಿ. ನಡೆದದ್ದು ಇದು.

ಪಂಪು ರಿಪೇರಿಗೆ ಇಳಿಯುವ ಮೊದಲು ಅವನು ಶಿರಾದ ಒಂದು ಖಾಸಗಿ ಬಸ್ ಸರ್ವಿಸ್‌ನಲ್ಲಿ ಮೆಕ್ಯಾನಿಕ್. ಮಧುಗಿರಿ, ಕೊರಟಗೆರೆ, ಪಾವಗಡ ರೂಟಿನ ಬಸ್ಸುಗಳೆಲ್ಲ ಅವನ ಕೈಕೆಳಗೆ. ನಾನೂ ಅಲ್ಲೇ ಕೆಲಸಕ್ಕಿದ್ದೆ. ಅರವತ್ಮೂರರಲ್ಲಿ ನಾವು ಮುಷ್ಕರ ಹೂಡಿದೆವು. ಡ್ರೈವರು, ಕಂಡಕ್ಟರು, ಕ್ಲೀನರು ಎಲ್ಲ ಶೆಡ್ಡಿನ ಬಾಗಿಲಲ್ಲಿ ಕೂತೆವು. ಇಮಾಮ್ ಸಾಬ್ ಭಾಷಣದ ಮನುಷ್ಯನಲ್ಲ. ಬೆಳಗಾಗುವ ಮೊದಲೇ ಒಳಗೆ ಹೋಗಿ ಒಂದೊಂದು ಬಸ್ಸಿನಿಂದಲೂ ಒಂದೊಂದು ಸಣ್ಣ ಸಾಮಾನು ಬಿಚ್ಚಿ, ಜೇಬಿಗೆ ಹಾಕಿಕೊಂಡು ಬಂದು ನಮ್ಮ ನಡುವೆ ಕೂತ. ಒಂದು ಬಸ್ಸೂ ಅಲ್ಲಾಡಲಿಲ್ಲ. ಮಾಲೀಕ ಬೆಂಗಳೂರಿನಿಂದ ಸಾಮಾನು ತರಿಸಿದ, ತುಮಕೂರಿನಿಂದ ಪೊಲೀಸರನ್ನು ತರಿಸಿದ. ನಾವು ಸೋತೆವು. ಮಿಕ್ಕವರನ್ನು ಒಬ್ಬೊಬ್ಬರನ್ನಾಗಿ ಕೆಲಸಕ್ಕೆ ಕರೆದರು. ಜೇಬಿನ ಸಂಗತಿ ಗೊತ್ತಾಗಿತ್ತು, ಹಾಗಾಗಿ ಇಮಾಮ್ ಸಾಬನನ್ನು ಕರೆಯಲಿಲ್ಲ. ಊರಿನ ಬೇರೆ ಶೆಡ್ಡಿನವರೂ ಮಾಲೀಕನಿಗೆ ಹೆದರಿ ಅವನನ್ನು ಹೊಸ್ತಿಲು ದಾಟಗೊಡಲಿಲ್ಲ.

ಮುಷ್ಕರದ ಆ ತಿಂಗಳಲ್ಲೇ ಮಗಳು ಜಹೀದಾ ದಡಾರದಲ್ಲಿ ಹೋದಳು. ಇನ್ನೂ ಹಾಲುಹಲ್ಲು ಬೀಳುವ ವಯಸ್ಸು. ಮಣ್ಣು ಮಾಡಿ ಬಂದ ಇಮಾಮ್ ಸಾಬ್ ಕೈಕಾಲು ತೊಳೆದು ಜಗಲಿ ಮೇಲೆ ಕೂತ. ನಾವು ಹೋದಾಗ ‘ಬನ್ನಿ’ ಅಂದ, ಹೊರಟಾಗ ‘ಹೂಂ’ ಅಂದ. ಅಳಲಿಲ್ಲ. ಆಮೇಲೂ ಅಳಲಿಲ್ಲ. ಹಗಲೆಲ್ಲ ಜಗಲಿ ಮೇಲೆ ಕೂತು ಹೋಗಿ ಬರುವ ಲಾರಿಗಳನ್ನು ನೋಡುತ್ತಿದ್ದ. ಹೆಂಡತಿ ಖಾಜಾಬಿ ಬಳೆಬುಟ್ಟಿ ಹೊತ್ತು ಹಳ್ಳಿ ತಿರುಗಿ ಮನೆ ನಡೆಸಿದಳು. ಶುಕ್ರವಾರ ಮಾತ್ರ ವ್ಯಾಪಾರಕ್ಕೆ ಹೋಗುತ್ತಿರಲಿಲ್ಲ. ಖಬರಸ್ತಾನದ ಒಳಗೆ ಹೆಂಗಸರು ಹೋಗುವ ರೂಢಿ ಅವರಲ್ಲಿಲ್ಲ. ಮೋಟುಗೋಡೆಯ ಈಚೆ ನಿಂತು, ಮಗಳನ್ನು ಇಟ್ಟ ಜಾಗದ ಕಡೆ ನೋಡಿ ಬರುತ್ತಿದ್ದಳು.

ಹೀಗೇ ಒಂದು ವರ್ಷ ಹೋಯಿತು. ಅರವತ್ನಾಲ್ಕರ ಬೇಸಿಗೆಯಲ್ಲಿ ಅವನ ಮನೆ ಮುಂದೆಯೇ ಒಂದು ಕಾರು ಕೆಟ್ಟು ನಿಂತಿತು. ಕಾರಿನವನು ಶಂಕರಲಿಂಗಪ್ಪ, ಮಧುಗಿರಿಯಲ್ಲಿ ಕಡಲೆಕಾಯಿ ಎಣ್ಣೆಮಿಲ್ಲು ಇಟ್ಟವರ ಮಗ. ಮಿಲ್ಲಿನ ಕಡೆ ತಲೆ ಹಾಕುತ್ತಿರಲಿಲ್ಲ. ಕಾರಿನ ರೇಸಿನ ಹುಚ್ಚು. ಬೆಂಗಳೂರಲ್ಲಿ ಅದಕ್ಕೇ ಒಂದು ಶೆಡ್ಡು ಮಾಡಿಕೊಂಡಿದ್ದ. ಇಮಾಮ್ ಸಾಬ್ ಜಗಲಿಯಿಂದ ಇಳಿದು ಬಂದ, ಬಾನೆಟ್ ಎತ್ತಿದ, ಒಂದು ವೈರು ಬಿಗಿದ, ಕಾರು ಶುರುವಾಯಿತು. ಶಂಕರಲಿಂಗಪ್ಪ ಅವನನ್ನೇ ನೋಡಿ, ಹಿಂದಿನ ಡಿಕ್ಕಿ ತೆಗೆದು ಗೋಣಿತಾಟು ಸರಿಸಿದ. ಒಳಗೆ ಬಸವನಹುಳುವಿನ ಚಿಪ್ಪಿನಂಥ ಎರಡು ಕಬ್ಬಿಣದ ಗೂಡುಗಳು ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದವು.

“ಯಾವುದೋ ಗಣಿ ಡೀಸೆಲ್ ಎಂಜಿನ್‌ದು ಸಾಬ್ರೇ, ಗುಜರಿಯಲ್ಲಿ ಸಿಕ್ತು. ಟರ್ಬೊ ಅಂತಾರೆ. ಇದನ್ನ ಪೆಟ್ರೋಲ್ ಎಂಜಿನ್‌ಗೆ ಕೂರಿಸೋರು ಬೆಂಗಳೂರಲ್ಲೂ ಸಿಗ್ತಾ ಇಲ್ಲ.”

ಇಮಾಮ್ ಸಾಬ್ ಬೆರಳು ಹಾಕಿ ಒಳಗಿನ ಚಕ್ರ ತಿರುವಿದ. ಒಂದು ಗೂಡಿನ ಚಕ್ರ ತಿರುಗಿದರೆ ಇನ್ನೊಂದು ಗೂಡಿನದೂ ತಿರುಗಿತು. ಎಂಜಿನ್ನಿನ ಹೊಗೆ ಹೊರಗೆ ನುಗ್ಗುವ ರಭಸಕ್ಕೆ ಒಂದು ಚಕ್ರ ತಿರುಗುತ್ತದೆ. ಅದೇ ಕಂಬಿಯ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿ ಎಳೆದು ಎಂಜಿನ್ನಿಗೆ ತುರುಕುತ್ತದೆ. ಗಾಳಿ ಹೆಚ್ಚು ಹೋದರೆ ಪೆಟ್ರೋಲೂ ಹೆಚ್ಚು ಉರಿಯುತ್ತದೆ, ಜೋರೂ ಹೆಚ್ಚುತ್ತದೆ. ಸಂಗತಿ ಇಷ್ಟೇ.

“ರೇಸು ಎಷ್ಟು ದೂರದ್ದು?” ಅಂದ ಇಮಾಮ್ ಸಾಬ್.

“ಕಾಲು ಮೈಲಿ. ನಿಂತ ಜಾಗದಿಂದ ಹೊರಡಬೇಕು, ನೆಟ್ಟಗೆ ಹೋಗಬೇಕು, ಮುಗೀತು. ಮದ್ರಾಸ್ ಹತ್ರ ನಡಿತದೆ.”

“ಕಾಲು ಮೈಲಿ ಅಂದ್ರೆ ಎರಡು ಫರ್ಲಾಂಗು. ಅಷ್ಟಕ್ಕೆ ಮದ್ರಾಸ್ ಗಂಟ ಯಾಕೋಗ್ತೀರಿ? ನಮ್ಮ ಹಿರಿಯೂರು ರಸ್ತೆಲೂ ಫರ್ಲಾಂಗ್ ಕಲ್ಲು ನೆಟ್ಟವ್ರೆ.”

ಶಂಕರಲಿಂಗಪ್ಪ ಜೋರಾಗಿ ನಕ್ಕ. ಆಮೇಲೆ ನಗದೆ ಹೇಳಿದ: “ಸರಿ, ಅಲ್ಲೇ ಆಗಲಿ. ಇದನ್ನ ನಿಮ್ಮ ಹತ್ರ ಬಿಟ್ಟೋಗ್ತೀನಿ. ಯಾವುದಕ್ಕಾದ್ರೂ ಕೂರಿಸಿ. ಎರಡು ಫರ್ಲಾಂಗಲ್ಲಿ ನನ್ನ ಕಾರನ್ನ ಹಿಂದೆ ಹಾಕಿದ್ರೆ ಬೆಂಗಳೂರು ಶೆಡ್ಡಿಗೆ ನೀವೇ ಹೆಡ್ ಮೆಕ್ಯಾನಿಕ್. ಹಾಕ್ಲಿಲ್ವೋ, ನನ್ನ ಟರ್ಬೊ ನನಗೆ.”

ಇಮಾಮ್ ಸಾಬ್‌ಗೆ ಖುಷಿಯಾಯಿತು ಅಂತ ನಾನು ಹೇಳುವುದಿಲ್ಲ. ಮುಖದಲ್ಲಿ ಏನೂ ಆಗಲಿಲ್ಲ. ಟರ್ಬೊ ಎತ್ತಿಕೊಂಡು ಹಿತ್ತಲಿಗೆ ಹೋದ, ಅಷ್ಟೇ.

ಹಿತ್ತಲಲ್ಲಿ ಕೆಲಸವಿದ್ದ ದಿನಗಳಲ್ಲಿ ಗುಜರಿಯಿಂದ ತಂದಿಟ್ಟ ಒಂದು ಹಳೇ ಜೀಪಿತ್ತು, ಪಕ್ಕದಲ್ಲಿ ಮಿಲಿಟರಿ ಲಾರಿಯ ಆರು ಸಿಲಿಂಡರಿನ ಎಂಜಿನ್ನಿತ್ತು. ಒಂದಕ್ಕೊಂದು ಸೇರಿಸಬೇಕು, ಮೇಲೆ ಟರ್ಬೊ ಕೂರಿಸಬೇಕು. ಮೊದಲು ಸ್ಪ್ಯಾನರ್ ಮುಟ್ಟಲಿಲ್ಲ. ಅಡುಗೆಮನೆಯ ಇದ್ದಿಲು ತಗೊಂಡು ನಡುಮನೆಯ ಸುಣ್ಣದ ಗೋಡೆ ಮೇಲೆ ಎಂಜಿನ್ ಬರೆದ. ಹೊಗೆ ಎಲ್ಲಿಂದ ಬರಬೇಕು, ಗಾಳಿ ಎಲ್ಲಿಗೆ ಹೋಗಬೇಕು, ಪೈಪು ಎಲ್ಲಿ ಬಗ್ಗಬೇಕು, ಬರೆಯುವುದು, ಅಳಿಸುವುದು. ಖಾಜಾಬಿ ಬಳೆಬುಟ್ಟಿ ಇಳಿಸಿ ಗೋಡೆ ನೋಡಿದಳು.

“ಯಾ ಅಲ್ಲಾ, ಗೋಡೆ ತುಂಬ ಹಾವು ಬಿಟ್ಟಿದ್ದೀರಲ್ಲ.”

“ಪೈಪು ಅದು.”

“ಯಾವುದಾದ್ರೂ ಆಗ್ಲಿ, ಒಲೆ ತಾವ ಬರೋದು ಬ್ಯಾಡ. ಅಲ್ಲಿಗಂಟ ಬಂದ್ರೆ ಬಳಿದಾಕ್ತೀನಿ.”

ಪೈಪು ಒಲೆಯ ತನಕ ಬರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಲೆಕ್ಕ ಕೂತಿತು. ಹೊರಗಿನಿಂದ ಗಾಳಿ ತುರುಕಿದರೆ ಒಳಗೆ ಜಾಗ ಬೇಕು, ಇಲ್ಲದಿದ್ದರೆ ಎಂಜಿನ್ ಸಿಡಿಯುತ್ತದೆ. ಅದಕ್ಕೆ ಕೊರಟಗೆರೆಯಲ್ಲಿ ಪಾತ್ರೆ ಬಡಿಯುವವರಿಂದ ದಪ್ಪ ತಾಮ್ರದ ತಗಡು ಮಾಡಿಸಿ ತಂದು, ಎಂಜಿನ್ನಿನ ತಲೆಯ ಕೆಳಗೆ ಇಟ್ಟು ಎತ್ತರಿಸಿದ. ಗಾಳಿ ಸೋರದಂತೆ ಕಾರ್ಬುರೇಟರನ್ನೇ ಒಂದು ಎಣ್ಣೆ ಡಬ್ಬದೊಳಗೆ ಕೂರಿಸಿ ಬೆಸುಗೆ ಹಾಕಿಸಿದ. ಹೊಗೆಯ ಕಡೆಯ ಪೈಪು ಕೆಂಪಗೆ ಕಾಯುತ್ತದೆಂದು ಗೊತ್ತಿತ್ತು. ಅದನ್ನು ದಪ್ಪ ಕಬ್ಬಿಣದಲ್ಲಿ ಮಾಡಿ ಕಲ್ನಾರಿನ ಹಗ್ಗ ಸುತ್ತಿದ. ಬೆಂಕಿ ಎಲ್ಲೆಲ್ಲಿ ತಾಕಬಹುದೋ ಅಲ್ಲೆಲ್ಲ ಅವನ ಕಣ್ಣಿತ್ತು.

ಉಳಿದದ್ದು ಟರ್ಬೊದಿಂದ ಆ ಡಬ್ಬಕ್ಕೆ ಹೋಗುವ ಗಾಳಿ ಪೈಪು. ನಮ್ಮ ಸೀಮೆಯ ಶೆಡ್ಡುಗಳಲ್ಲಿ ಇದಕ್ಕೊಂದು ಪದ್ಧತಿಯಿತ್ತು. ರಬ್ಬರ್ ಪೈಪು ಬೆಂಗಳೂರಿನಿಂದ ಬರಬೇಕು, ಬಂದಾಗ ಬಂತು. ಅದರ ಬದಲು ಕ್ಯಾನ್ವಾಸ್ ಬಟ್ಟೆಯನ್ನು ಹುಣಸೆಬೀಜದ ಗಂಜಿಯಲ್ಲಿ ಅದ್ದಿ, ಪೈಪಿನ ಕೂಡುವ ಜಾಗಕ್ಕೆ ಸುತ್ತಿ, ಹುರಿಯಿಂದ ಬಿಗಿದು ಒಣಗಿಸುತ್ತಿದ್ದರು. ಕಂಬಳಿ ನೇಯುವವರು ಕಂಬಳಿ ಬಿರುಸಾಗಲಿ ಅಂತ ಹಾಕುವ ಗಂಜಿ ಅದು. ಒಣಗಿದರೆ ಕಲ್ಲು. ಬಸ್ಸುಗಳ ಗಾಳಿ ಪೈಪುಗಳು ಅದರ ಮೇಲೇ ವರ್ಷಗಟ್ಟಲೆ ಓಡಿದ್ದವು. ಇಮಾಮ್ ಸಾಬ್ ಎರಡನೇ ಯೋಚನೆ ಮಾಡಲಿಲ್ಲ. ಪಕ್ಕದ ಬೀದಿಯ ಮೂಡಲಗಿರಿಯಪ್ಪನ ಮನೆಗೆ ಹೋದ. ಅವನು ಕಂಬಳಿ ನೇಯುವವನು, ಇಮಾಮ್ ಸಾಬನ ಹಳೇ ಗೆಳೆಯ.

“ಏನ್ಲಾ ಇಮಾಮು, ನಿನ್ನ ಎಂಜಿನ್‌ಗೆ ಚಳಿಯಂತಾ? ಕಂಬಳಿ ಹೊದ್ದುಸ್ತೀಯಾ?” ಅಂದ ಮೂಡಲಗಿರಿಯಪ್ಪ.

“ಗಂಜಿ ಕೊಡು. ಗಟ್ಟಿಯಾಗಿ ಕಾಯ್ಸು.”

“ನನ್ನ ಗಂಜಿ ಹಾಕಿದ ಕಂಬಳಿನ ನಿಲ್ಸಿದ್ರೆ ನಿಂತ್ಕೊತದೆ ಕಣ್ಲಾ, ನಿನ್ನಂಗೆ ಜಗಲಿ ಮ್ಯಾಲೆ ಕುಸಿಯಾಕಿಲ್ಲ. ರೇಸು ಗೆದ್ರೆ ನನಗೇನು ಕೊಡ್ತೀಯ?”

“ಕೂರಿಸ್ಕೊಂಡು ಬೆಂಗಳೂರಿಗೆ ಕರ್ಕೊಂಡೋಗ್ತೀನಿ.”

“ನಿನ್ನ ಆ ಪಿಶಾಚಿ ಮ್ಯಾಲಾ? ಬ್ಯಾಡಪ್ಪ, ನಾನು ಬಸ್ಸಲ್ಲೇ ಬತ್ತೀನಿ.”

ಗಂಜಿ ಒಣಗಿದ ಮೇಲೆ ಹಿತ್ತಲಲ್ಲೇ ಜೀಪನ್ನು ನಿಲ್ಲಿಸಿ ಎಂಜಿನ್ ಶುರು ಮಾಡಿದರು. ಆ ಸದ್ದಿಗೆ ಬೀದಿಯ ಕೋಳಿಗಳು ಸೂರು ಹತ್ತಿದವು. ಟರ್ಬೊ ಸಿಳ್ಳೆ ಹಾಕಿತು. ಗಂಜಿಯ ಬೆಸುಗೆ ಒಂದು ಕೂದಲಷ್ಟೂ ಬಿಡಲಿಲ್ಲ. ಇಮಾಮ್ ಸಾಬ್ ಕೈಯಿಟ್ಟು ನೋಡಿದ, ಗಾಳಿ ಪೈಪು ತಣ್ಣಗಿತ್ತು. ನಿಂತ ಜೀಪಿನ ಎಂಜಿನ್ನಿಗೆ ಎಳೆಯುವ ಭಾರ ಇರುವುದಿಲ್ಲ, ಭಾರ ಇಲ್ಲದೆ ಟರ್ಬೊ ಪೂರಾ ಗಾಳಿ ತುಂಬುವುದಿಲ್ಲ. ಇದು ಅವನಿಗೆ ಹೊಳೆಯಲಿಲ್ಲ.

ಆವತ್ತು ಸಂಜೆ ಖಾಜಾಬಿ ಕೇಳಿದಳು.

“ಗೆದ್ರೆ ಬೆಂಗಳೂರಿಗೆ ಹೋಗ್ಬೇಕಾ?”

“ಹೂಂ. ಶೆಡ್ಡಿನ ಹಿಂದೆ ಎರಡು ರೂಮು ಕೊಡ್ತಾರಂತೆ.”

“ಶುಕ್ರವಾರ ಶುಕ್ರವಾರ ಬರಾಕಾಗ್ತದಾ?”

“ಇಲ್ಲ.”

“ಹಂಗಾದ್ರೆ ನಾ ಬರಲ್ಲ.”

“ಖಾಜಾ, ಇಲ್ಲಿ ಕೂತು ನನ್ನ ಕೈ ಸತ್ತೋಗ್ತಾ ಅದೆ. ಇನ್ನೊಂದು ವರ್ಷ ಕೂತ್ರೆ ಸ್ಪ್ಯಾನರ್ ಹಿಡಿಯಾಕೂ ಬರಲ್ಲ. ನೀ ಬರ್ದಿದ್ರೆ ನಾ ಒಬ್ಬನೇ ಹೋಗ್ತೀನಿ.”

ಅವಳು ಎದ್ದು ಒಲೆ ಹಚ್ಚಿದಳು. ಅವನು ಹಿತ್ತಲಿಗೆ ಹೋದ. ಜಗಳವೂ ಅಲ್ಲ ಅದು. ಜಗಳವಾಡುವುದಕ್ಕೂ ಒಳಗೆ ಏನಾದರೂ ಉಳಿದಿರಬೇಕು.

ಅರವತ್ತೈದರ ಶುರುವಿನಲ್ಲಿ ಒಂದು ಬೆಳಿಗ್ಗೆ ಹಿರಿಯೂರು ರಸ್ತೆಯಲ್ಲಿ ರೇಸು. ನೆಟ್ಟಗಿನ ರಸ್ತೆ, ಎರಡೂ ಕಡೆ ಹುಣಸೆ ಮರ. ಆ ಕಡೆ ಈ ಕಡೆ ನಮ್ಮ ಯೂನಿಯನ್ನಿನ ಹುಡುಗರು ನಿಂತು ಲಾರಿಗಳನ್ನು ತಡೆದರು. ರಸ್ತೆ ತಡೆಯುವುದಷ್ಟು ನಮಗೆ ಚೆನ್ನಾಗಿ ಬರುತ್ತಿತ್ತು. ಒಂದು ಫರ್ಲಾಂಗ್ ಕಲ್ಲಿನ ಪಕ್ಕ ಜೀಪು, ಕಾರು ಎರಡೂ ನಿಂತವು. ಜೀಪಿನಲ್ಲಿ ಇಮಾಮ್ ಸಾಬ್, ಕಾರಿನಲ್ಲಿ ಶಂಕರಲಿಂಗಪ್ಪ. ಮೂಡಲಗಿರಿಯಪ್ಪ ತಲೆಗೆ ಸುತ್ತಿದ್ದ ವಲ್ಲಿ ಬಿಚ್ಚಿ ಮೇಲೆತ್ತಿ ಕೆಳಗೆ ಬಿಟ್ಟ.

ಮೊದಲು ಕಾರೇ ಮುಂದೆ ಹೋಯಿತು. ಜೀಪು ಕೆಮ್ಮಿತು, ಆಮೇಲೆ ಟರ್ಬೊದ ಸಿಳ್ಳೆ ಎದ್ದಿತು. ಆ ಸಿಳ್ಳೆ ಏರುತ್ತ ಹೋದಂತೆ ಜೀಪನ್ನು ಯಾರೋ ಹಿಂದಿನಿಂದ ಒದ್ದಂತಾಯಿತು. ಒಂದನೇ ಕಲ್ಲಿನ ಹತ್ತಿರ ಜೀಪಿನ ಮೂತಿ ಕಾರನ್ನು ದಾಟಿತು, ಆಮೇಲೆ ಇಡೀ ಜೀಪು ದಾಟಿತು. ಹುಡುಗರು ಕೂಗಿದರು. ಇನ್ನೊಂದು ಫರ್ಲಾಂಗು ಬಾಕಿ.

ಆಗ ಗೋಣಿಚೀಲ ಒಡೆದಂಥ ಸದ್ದು. ಸಿಳ್ಳೆ ನಿಂತಿತು. ಜೀಪಿನ ಹಿಂದೆ ಕಪ್ಪು ಹೊಗೆ. ಕಾರು ಪಕ್ಕದಿಂದ ನುಗ್ಗಿ ಎರಡನೇ ಕಲ್ಲು ದಾಟಿತು. ಜೀಪು ಮುಕ್ಕರಿದು ಮುಕ್ಕರಿದು ನಡುವೆಯೇ ನಿಂತಿತು.

ನಾವು ಓಡಿ ಹೋಗುವ ಹೊತ್ತಿಗೆ ಇಮಾಮ್ ಸಾಬ್ ಬಾನೆಟ್ ತೆಗೆದಿದ್ದ. ಕಲ್ಲಿನಂತಿದ್ದ ಗಂಜಿ ಮೆತ್ತಗಾಗಿ, ಕ್ಯಾನ್ವಾಸ್ ಪೈಪಿನಿಂದ ಜಾರಿ ಬಾಳೆಸಿಪ್ಪೆಯ ಹಾಗೆ ನೇತಾಡುತ್ತಿತ್ತು. ಕಂಬಳಿ ನೇಯುವವರ ಕೇರಿಯ ವಾಸನೆ. ಅವನು ಗಾಳಿ ಪೈಪು ಮುಟ್ಟಿ ನೋಡಿದ.

“ಸೈಕಲ್ ಪಂಪು,” ಅಂದ.

“ಏನ್ಲಾ ಅಂಗಂದ್ರೆ?” ಮೂಡಲಗಿರಿಯಪ್ಪ ಕೇಳಿದ.

“ಸೈಕಲ್‌ಗೆ ಗಾಳಿ ಹೊಡೆದ್ರೆ ಪಂಪಿನ ಬುಡ ಬಿಸಿಯಾಗಲ್ವಾ? ಗಾಳಿನ ಒತ್ತಿದ್ರೆ ಬಿಸಿಯಾಗ್ತದೆ. ಚಿಕ್ಕೋನಿದ್ದಾಗಿಂದ ಗೊತ್ತು. ಬಸ್ಸಲ್ಲಿ ಗಾಳಿ ಕಡೆ ಯಾವತ್ತೂ ತಣ್ಣಗಿರ್ತದಲ್ಲ, ಇದೂ ಅಂಗೇ ಅಂದ್ಕೊಂಡೆ.”

“ನನ್ನ ಗಂಜಿನೇ ಹಾಳಾಗ್ಲಿ.”

“ನಿನ್ನ ಗಂಜಿ ಏನ್ಮಾಡ್ತದೆ? ಕಂಬಳಿನ ಯಾರಾದ್ರೂ ಒಲೆ ಮ್ಯಾಲೆ ಇಡ್ತಾರಾ?”

ಶಂಕರಲಿಂಗಪ್ಪ ಕಾರು ತಿರುಗಿಸಿಕೊಂಡು ಬಂದ. ಅವನೇನು ಕೆಟ್ಟವನಲ್ಲ. ಇಳಿದು ಬಂದು ಇಣುಕಿ ನೋಡಿದ, ನಾಲಗೆಯಿಂದ ಚ್ ಅಂದ.

“ಅರ್ಧ ದಾರೀಲಿ ನನ್ನ ಮುಂದಿದ್ರಿ ಸಾಬ್ರೇ. ಸುಳ್ಳು ಹೇಳಲ್ಲ.”

“ಸ್ವಾಮಿ, ಒಂದು ರಬ್ಬರ್ ಪೈಪು ತರಿಸ್ಕೊಡಿ,” ಅಂತ ನಮ್ಮ ಹುಡುಗನೊಬ್ಬ ಕೂಗಿದ. “ಇನ್ನೊಂದು ಸಲ ನೋಡಾನ.”

“ಅಲ್ಲಪ್ಪಾ, ಮದ್ರಾಸಲ್ಲಿ ಗಾಡಿ ಒಳಗೆ ನಾನು ಕೂತಿರ್ತೀನಿ. ಇವತ್ತು ಗಾಳಿ ಪೈಪು ಬಿಚ್ಕೊಂತು, ಅವತ್ತು ಇನ್ನೇನು ಬಿಚ್ಕೊಳ್ತದೋ ಯಾರಿಗ್ಗೊತ್ತು?” ಅಂದ ಶಂಕರಲಿಂಗಪ್ಪ. ಆಮೇಲೆ ಇಮಾಮ್ ಸಾಬನ ಕಡೆ ತಿರುಗಿ, “ಮಾತು ಆಗಿತ್ತಲ್ವಾ ಸಾಬ್ರೇ?” ಅಂದ.

“ಆಗಿತ್ತು,” ಅಂದ ಇಮಾಮ್ ಸಾಬ್.

ಸ್ಪ್ಯಾನರ್ ತಗೊಂಡು ಅಲ್ಲೇ ಟರ್ಬೊ ಬಿಚ್ಚತೊಡಗಿದ. ಅದು ಇನ್ನೂ ಕಾದಿತ್ತು. ಹೊಗೆಯ ಕಡೆಯ ಗೂಡಿಗೆ ಅಂಗೈ ಆತುಕೊಂಡಿತು, ಚರ್ಮ ಸುಟ್ಟ ವಾಸನೆ ನಮಗೂ ಬಂತು. ಅವನು ಕೈ ತೆಗೆಯಲಿಲ್ಲ. “ಲೇ, ಕೈ! ಕೈ ಕಣ್ಲಾ!” ಅಂತ ಮೂಡಲಗಿರಿಯಪ್ಪ ಬಂದು ಎಳೆದ. ಇಮಾಮ್ ಸಾಬ್ ಅಂಗೈ ನೋಡಿಕೊಂಡ, ಬೇರೆಯವರ ಕೈ ನೋಡುವ ಹಾಗೆ. ಇನ್ನೊಂದು ಕೈಯಲ್ಲಿ ಮಿಕ್ಕ ನಟ್ಟು ಬಿಚ್ಚಿ, ಟರ್ಬೊ ಎತ್ತಿ ಡಿಕ್ಕಿಯಲ್ಲಿಟ್ಟು, ಗೋಣಿತಾಟು ಹೊದಿಸಿದ. ಕಾರು ಮಧುಗಿರಿ ಕಡೆ ಹೋಯಿತು.

ಜೀಪನ್ನು ಎತ್ತಿಗೆ ಕಟ್ಟಿ ಎಳೆಸಿಕೊಂಡು ಬಂದೆವು. ಬೀದಿಯವರು ಬಾಗಿಲಿಗೆ ಬಂದು ನೋಡಿದರು. ಮನೆ ಮುಂದೆ ಖಾಜಾಬಿ ನಿಂತಿದ್ದಳು.

“ಏನಾಯ್ತು?”

“ಒಂದು ಫರ್ಲಾಂಗು.”

“ಇನ್ನೊಂದು?”

“ಇಲ್ಲ.”

“ಬೆಂಗಳೂರು?”

“ಇಲ್ಲ.”

ಅವಳು ಅವನ ಅಂಗೈ ಹಿಡಿದು ನೋಡಿ, ಒಳಗೆ ಹೋಗಿ ಕೊಬ್ಬರಿ ಎಣ್ಣೆ ತಂದು ಹಚ್ಚಿ ಬಟ್ಟೆ ಕಟ್ಟಿದಳು. ಎಲ್ಲರೂ ಉಂಡು ಹೋಗಿ ಅಂದಳು. ನಾನು, ಮೂಡಲಗಿರಿಯಪ್ಪ ಇಬ್ಬರೂ ಕೂತೆವು. ರಾಗಿ ಮುದ್ದೆ, ಹುರುಳಿ ಸಾರು. ಇಮಾಮ್ ಸಾಬ್ ಎಡಗೈಯಲ್ಲಿ ತಟ್ಟೆ ಹಿಡಿದು ಕೂತಿದ್ದ, ಬಲಗೈಯಲ್ಲಿ ಮುರಿಯಲು ಆಗುತ್ತಿರಲಿಲ್ಲ. ಖಾಜಾಬಿ ಪಕ್ಕದಲ್ಲಿ ಕೂತು ಸಣ್ಣ ಸಣ್ಣ ತುತ್ತು ಮಾಡಿ ಅವನ ಬಾಯಿಗಿಟ್ಟಳು. ಅವನು ನುಂಗಿದ. ಅವನದು ಮುಗಿದ ಮೇಲೆ ಅವಳು ತನ್ನ ತಟ್ಟೆ ಎಳೆದುಕೊಂಡಳು. ಒಂದು ಮುದ್ದೆ ಉಂಡಳು. ಇನ್ನೊಂದು ಹಾಕಿಕೊಂಡಳು. ಮಗಳನ್ನು ಮಣ್ಣು ಮಾಡಿದ ದಿನದಿಂದ ಅವಳು ಎರಡನೇ ಮುದ್ದೆ ಮುಟ್ಟಿದ್ದನ್ನು ಆ ಬೀದಿಯಲ್ಲಿ ಯಾರೂ ನೋಡಿರಲಿಲ್ಲ. ಅದನ್ನೂ ಪೂರಾ ಉಂಡು, ತಟ್ಟೆ ಬಳಿದಳು.

ಇಮಾಮ್ ಸಾಬ್ ಅದನ್ನು ನೋಡುತ್ತಿದ್ದ. ಮಾರನೇ ದಿನ ಶುಕ್ರವಾರ.