ಮೌಸ್ ಮಿಸ್ತ್ರಿ ಕಳಕಪ್ಪ

ಬೆಳಗಿನ ಆರೂವರೆ. ಬೇವೂರಿನಾಚೆ ಎರೆಹೊಲಗಳ ನಡುವಿನ ಒಂದು ಸಣ್ಣ ಊರು. ಪಂಚಾಯಿತಿ ಕಚೇರಿಯ ಕಟ್ಟೆಯ ಮೇಲೆ ಹೆಗಲಚೀಲ ಇಳಿಸಿ ಕುಳಿತಿದ್ದಾರೆ ಅರವತ್ತೊಂದರ ಕಳಕಪ್ಪ. ಜವಾನ ಬೀಗ ತೆಗೆದದ್ದೇ ಚಪ್ಪಲಿ ಹೊರಗೆ ಬಿಟ್ಟು ಒಳಗೆ ನಡೆಯುತ್ತಾರೆ. ಕಂಪ್ಯೂಟರ್ ಮುಂದಿನ ಕುರ್ಚಿ ಖಾಲಿ ಇದ್ದರೂ ಅದರಲ್ಲಿ ಕೂರುವುದಿಲ್ಲ, ಪಕ್ಕಕ್ಕೊಂದು ಸ್ಟೂಲು ಎಳೆದುಕೊಳ್ಳುತ್ತಾರೆ. ಇದೇ ಕಂಪ್ಯೂಟರ್ ನೋಡಲು ಅವರು ಬಂದಿರುವುದು ಇದು ಮೂರನೇ ಸಲ. ಕೆಟ್ಟಿರುವುದು ಅಂಗೈಯಗಲದ ಒಂದು ವೈರ್‌ಲೆಸ್ ಮೌಸ್.

"ದೊಡ್ಡದು ಕೆಟ್ರ ಲಗೂನ ಗೊತ್ತಾಗ್ತೈತ್ರಿ. ಇಂಥ ಸಣ್ಣದು ಭಾಳ ಆಟ ಆಡಸ್ತೈತಿ" ಎಂದು ಜೊತೆಗೆ ಬಂದ ನನಗೆ ಹೇಳುತ್ತಾ ಬಾಗಿಲ ಕಡೆ ನೋಡುತ್ತಾರೆ. ಅಣ್ಣನ ಬೈಕಿನಿಂದ ಇಳಿದು ಹೇಮಾವತಿ ಒಳಗೆ ಬರುತ್ತಾರೆ. ಇಷ್ಟು ಬೇಗ ಬರಬೇಕೆಂದು ಹಿಂದಿನ ದಿನ ಫೋನ್ ಮಾಡಿ ಹೇಳಿದವರು ಕಳಕಪ್ಪನವರೇ.

ಹೇಮಾವತಿ ಈ ಕಚೇರಿಯ ಡಾಟಾ ಎಂಟ್ರಿ ಆಪರೇಟರ್. ಹನ್ನೊಂದು ವರ್ಷದಿಂದ ಊರಿನ ಅರ್ಜಿಗಳೆಲ್ಲ ಅವರ ಬೆರಳ ತುದಿಯಿಂದಲೇ ಹೋಗಿವೆ. ಎರಡು ವರ್ಷದ ಮಗುವಾಗಿದ್ದಾಗ ಬಂದ ಪೋಲಿಯೊ ಅವರ ಬಲದೋಳಿನ ಶಕ್ತಿ ಕಸಿದಿದೆ. ಬೆರಳು ಆಡುತ್ತವೆ, ತೋಳು ಮಾತ್ರ ಮೇಜಿನ ಎತ್ತರಕ್ಕೆ ಏಳುವುದಿಲ್ಲ. ಅದಕ್ಕೇ ತೊಡೆಯ ಮೇಲೊಂದು ಹಲಗೆ. ಕಿನ್ನಾಳದ ಗೊಂಬೆ ಮಾಡುವವರೊಬ್ಬರು ಹಗುರ ಕಟ್ಟಿಗೆಯಲ್ಲಿ ಮಾಡಿಕೊಟ್ಟದ್ದು. ಮೌಸ್ ಆ ಹಲಗೆಯ ಮೇಲೆ, ಬಲಗೈ ಕೆಳಗೆ. ಎಡಗೈ ಮೇಜಿನ ಮೇಲಿನ ಕೀಬೋರ್ಡಿನಲ್ಲಿ. ವೈರಿರುವ ಮೌಸಾದರೆ ವೈರು ಮೇಜಿನ ಅಂಚಿಗೆ ಸಿಕ್ಕಿ ಮೌಸ್ ಕೆಳಗೆ ಬೀಳುತ್ತದೆ. ಪ್ರತಿ ಸಲ ತೊಡೆಯ ಹಲಗೆ ಇಳಿಸಿ, ಬಗ್ಗಿ ಎತ್ತಿಕೊಳ್ಳುವುದು ಅವರಿಂದಾಗದು.

ಹೋದ ತಿಂಗಳು ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿದರು. ಅವತ್ತಿನಿಂದ ಪರದೆಯ ಮೇಲಿನ ಬಾಣ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಅರ್ಧ ನಿಮಿಷ, ಒಂದು ನಿಮಿಷ. ಅಷ್ಟರಲ್ಲಿ ಅರ್ಜಿಯ ಪುಟಕ್ಕೆ ಕೊಟ್ಟ ಸಮಯ ಮುಗಿದು, ತುಂಬಿದ್ದೆಲ್ಲ ಅಳಿಸಿಹೋಗಿ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಸಿಸ್ಟಮ್ ಹಾಕಿಹೋದವರಿಗೆ ಫೋನ್ ಮಾಡಿದರೆ ವೈರಿನ ಮೌಸ್ ತೆಗೆದುಕೊಳ್ಳಿ ಅಂದರು. ಅರ್ಜಿಗಳು ರಾಶಿ ಬಿದ್ದವು. ಮುಂದಿನ ತಿಂಗಳು ಹೇಮಾವತಿಯವರ ಗುತ್ತಿಗೆ ನವೀಕರಣ. ಈ ಕುರ್ಚಿಗೆ ಬೇರೆಯವರನ್ನು ತಂದು ಇವರನ್ನು ಟಪಾಲು ನೋಡಲು ಕೂರಿಸುವ ಮಾತು ಕಚೇರಿಯಲ್ಲಿ ಎದ್ದಿತು.

"ಟಪಾಲು ಕೆಲಸ ಸಣ್ಣದಂತಲ್ರಿ" ಎನ್ನುತ್ತಾರೆ ಹೇಮಾವತಿ. "ಆದ್ರ ಈ ಕುರ್ಚಿ ನಾ ಪರೀಕ್ಷಾ ಬರದು ತಗೊಂಡದ್ದು. ನನ್ನ ಕೈ ನೋಡಿ ಯಾರೂ ಕೊಟ್ಟಿದ್ದಿಲ್ಲ. ಈಗ ಕೈ ನೋಡಿ ತಗೀತಾರಂದ್ರ ಹೆಂಗ ಅನಸ್ತೈತಿ ಹೇಳ್ರಿ."

ಮೊದಲ ಸಲ ಬಂದಾಗ ಕಳಕಪ್ಪ ಬ್ಯಾಟರಿ ಬದಲಿಸಿದ್ದರು. ಎರಡನೇ ಸಲ ಮೌಸನ್ನು ನಡೆಸುವ ಡ್ರೈವರ್ ತಂತ್ರಾಂಶ ತೆಗೆದು ಹೊಸದಾಗಿ ಹಾಕಿ, ಹತ್ತು ನಿಮಿಷ ತಾವೇ ಆಡಿಸಿ ನೋಡಿದ್ದರು. ಒಮ್ಮೆಯೂ ನಿಲ್ಲಲಿಲ್ಲ. ಸಮಾಧಾನದಿಂದ ಬಸ್ ಹತ್ತಿದವರಿಗೆ ಕುಷ್ಟಗಿ ತಲುಪುವ ಮೊದಲೇ ಫೋನ್ ಬಂತು: ಕಾಕಾ, ಮತ್ತ ನಿಂತೈತ್ರಿ. ಅವತ್ತು ರಾತ್ರಿ ಸರಿಯಾಗಿ ಊಟ ಸೇರಲಿಲ್ಲವಂತೆ. "ನನ್ನ ಕೈಯಾಗ ನಡದದ್ದು ಆಕಿ ಕೈಯಾಗ ಯಾಕ ನಡೀವಲ್ದು ಅಂತ ಅದ ವಿಚಾರ. ಆವಾಗ ಸಾಬರು ನೆನಪಾದ್ರು."

ಸಾಬರು ಅಂದರೆ ಅಬ್ದುಲಸಾಬರು, ಗಂಗಾವತಿಯ ಟೈಪ್‌ರೈಟರ್ ಮೆಕ್ಯಾನಿಕ್. ಕಳಕಪ್ಪನವರಿಗೆ ಈ ವಿದ್ಯೆ ಕೊಟ್ಟ ಉಸ್ತಾದ. ಕುಷ್ಟಗಿಯಲ್ಲಿ ಹಮಾಲಿ ಮಾಡುತ್ತಿದ್ದ ತಂದೆ, ಹದಿನಾರರ ಮಗನನ್ನು ಗಂಗಾವತಿಯ ಟೈಪಿಂಗ್ ಶಾಲೆಯೊಂದಕ್ಕೆ ಕಸ ಹೊಡೆಯಲು ಕಳಿಸಿದ್ದರು. ಮಹಡಿಯ ಮೇಲಿನ ಉದ್ದನೆಯ ಕೋಣೆ, ಸಾಲಾಗಿ ಹದಿನೆಂಟು ಯಂತ್ರಗಳು, ಯಂತ್ರದೆಣ್ಣೆ ಮತ್ತು ಸೀಮೆಎಣ್ಣೆಯ ವಾಸನೆ. ಆ ಕೋಣೆಯ ಮಾತು ಬಂದರೆ ಕಳಕಪ್ಪನವರ ದನಿ ಮೆತ್ತಗಾಗುತ್ತದೆ.

"ಸಂಜಿಮುಂದ ಹದಿನೆಂಟೂ ಮಶಿನ್ ಒಮ್ಮೆಲೆ ಶುರು ಆದ್ರ, ತಗಡಿನ ಮ್ಯಾಲೆ ಆಣೆಕಲ್ಲು ಬಿದ್ದಂಗ ಸಪ್ಪಳ. ನಡನಡುವ ಠಣ್, ಠಣ್ ಅಂತ ಗಂಟಿ. ಸಾಬರು ಮೂಲ್ಯಾಗ ಕಣ್ಣ ಮುಚ್ಚಿ ಕುಂತಿರ್ತಿದ್ರು. ಕುಂತಲ್ಲಿಂದನ ಹೇಳ್ತಿದ್ರು, ಏ ಎಂಟನೇ ಮಶಿನ್, ನಿಂದು 'ಯ' ಕುಂಟಾಕ ಹತ್ತೈತಿ ಅಂತ. ಬಿಚ್ಚಿ ನೋಡಿದ್ರ ಖರೇನ ಸ್ಪ್ರಿಂಗ್ ಸಡಿಲಾಗಿರ್ತಿತ್ತು."

ಪರೀಕ್ಷೆಯ ದಿನಗಳು ಬಂದರೆ ಊರಿಗೇ ಗೊತ್ತಾಗುತ್ತಿತ್ತು. ಹುಡುಗರು ಯಂತ್ರಗಳನ್ನು ಸೈಕಲ್ಲಿಗೆ ಕಟ್ಟಿ, ಹುಡುಗಿಯರು ಟಾಂಗಾದಲ್ಲಿ ತೊಡೆಯ ಮೇಲಿಟ್ಟು ಪರೀಕ್ಷಾ ಕೇಂದ್ರಕ್ಕೆ ಒಯ್ಯುತ್ತಿದ್ದರು. ಕಳಕಪ್ಪ ಬ್ರಷ್ ಮತ್ತು ಎಣ್ಣೆ ಶೀಸೆ ಹಿಡಿದು ಕೇಂದ್ರದ ಕಿಟಕಿಯ ಹೊರಗೆ ನಿಂತಿರುತ್ತಿದ್ದರು. ಅಲ್ಲಿ ಪಾಸಾದವರು ತಹಸೀಲ ಕಚೇರಿಗಳಲ್ಲಿ, ಕೋರ್ಟುಗಳಲ್ಲಿ ಕೆಲಸಕ್ಕೆ ಸೇರಿ ಈಗ ನಿವೃತ್ತರಾಗಿದ್ದಾರೆ. ಬಸ್ಸಿನಲ್ಲಿ ಸಿಕ್ಕರೆ ಒಬ್ಬಿಬ್ಬರು ಇನ್ನೂ ಗುರುತು ಹಿಡಿದು ಸರಿದು ಜಾಗ ಕೊಡುತ್ತಾರೆ.

ಆಮೇಲೆ ಒಂದೊಂದೇ ಯಂತ್ರ ಗೋಣಿತಟ್ಟು ಹೊದ್ದು ಮೂಲೆ ಸೇರಿತು. ಶಾಲೆ ಮುಚ್ಚಿತು. ಅಬ್ದುಲಸಾಬರು ಅದೇ ವರ್ಷ ತೀರಿಕೊಂಡರು. ಕಳಕಪ್ಪ ಎರಡು ವರ್ಷ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಚೀಲ ಹೊಲಿದರು. ಕುಷ್ಟಗಿಗೆ ಮರಳಿದ ಮೇಲೆ ಒಂದು ಮಧ್ಯಾಹ್ನ, ಊರಿಗೆ ಹೊಸದಾಗಿ ಬಂದಿದ್ದ ಕಂಪ್ಯೂಟರ್ ತರಬೇತಿ ಕೇಂದ್ರದ ಮುಂದೆ ಹಾಯುವಾಗ, ಅಲ್ಲಿಯ ಶಿಕ್ಷಕರು ನಡೆಯದ ಮೌಸುಗಳನ್ನು ರಟ್ಟಿನ ಡಬ್ಬಿಗೆ ಹಾಕುತ್ತಿದ್ದುದು ಕಂಡಿತು. ಆಗಿನ ಮೌಸಿನ ಹೊಟ್ಟೆಯಲ್ಲಿ ರಬ್ಬರಿನ ಗುಂಡು ಇರುತ್ತಿತ್ತು. ಕಳಕಪ್ಪ ಒಂದನ್ನು ಕೇಳಿ ತೆಗೆದುಕೊಂಡು, ಗುಂಡು ಹೊರಗೆ ತೆಗೆದು ನೋಡಿದರು. ಒಳಗಿನ ಸಣ್ಣ ಉರುಳೆಗಳಿಗೆ ಧೂಳು ಮೆತ್ತಿ ಗಟ್ಟಿಯಾಗಿತ್ತು. ಟೈಪ್‌ರೈಟರಿನ ಅಕ್ಷರ ಉಜ್ಜುತ್ತಿದ್ದ ಬ್ರಷ್ಷಿನಿಂದಲೇ ಉಜ್ಜಿದರು. ಸಂಜೆಯೊಳಗೆ ಹನ್ನೆರಡು ಮೌಸುಗಳು ಓಡಾಡಿದವು. "ಭಾಳ ದಿವಸಕ್ಕ ಕೈಗೆ ಒಂದು ಕೆಲಸ ಸಿಕ್ಕಂಗ ಆತ್ರಿ. ಮನಿಗೆ ಹೋಗಿ ಕನಕಮ್ಮಗ ಹೇಳಿದೆ, ನಾಳಿಂದ ಬುತ್ತಿ ಕಟ್ಟು ಅಂತ."

ಅವರ ಪತ್ನಿ ಕನಕಮ್ಮ ಕಟ್ಟುವ ಆ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಇವತ್ತಿಗೂ ತಪ್ಪಿಲ್ಲ. ನಸುಕಿನ ಐದೂಕಾಲಕ್ಕೆ ಮೊದಲ ಬಸ್ಸು. ಕುಷ್ಟಗಿ, ಯಲಬುರ್ಗಾ ಎರಡೂ ತಾಲ್ಲೂಕು ಸೇರಿ ಇಪ್ಪತ್ತಾರು ಶಾಲೆ, ಕಚೇರಿಗಳು ಅವರನ್ನು ಕರೆಯುತ್ತವೆ. ದಿನಕ್ಕೆ ಮೂರೋ ನಾಲ್ಕೋ ಕಂಪ್ಯೂಟರ್, ಕಡಿಮೆಯೆಂದರೂ ಅರವತ್ತು ಕಿಲೋಮೀಟರ್ ಓಡಾಟ. ನೇಮಕದ ಕಾಗದ ಯಾವುದೂ ಇಲ್ಲ. ಹೊಸ ಸಿಸ್ಟಮ್‌ಗಳ ವಿಚಾರ ಕಲಿತದ್ದೆಲ್ಲ ಬಸ್ಸಿನಲ್ಲಿ, ಮೊಬೈಲಿನಲ್ಲಿ ನೋಡಿ. ಶಾಲೆಯ ಮಕ್ಕಳು 'ಇಲಿ ಅಜ್ಜ' ಅಂದರೂ ಬೇಸರವಿಲ್ಲ.

ಈಗ ಸ್ಟೂಲಿನ ಮೇಲೆ ಕುಳಿತ ಅವರು ಹೇಮಾವತಿಯವರಿಗೆ ಹೇಳುತ್ತಾರೆ, "ನಾ ಏನೂ ಮುಟ್ಟಂಗಿಲ್ಲವಾ. ನೀ ದಿನಾ ಹೆಂಗ ಮಾಡ್ತಿ ಹಂಗ ಮಾಡು. ಮಶಿನ್ ಮುಟ್ಟೂಕಿಂತ ಮೊದಲ ಹೊಡಿಯೋರ ಕೈ ನೋಡು ಅಂತಿದ್ರು ಸಾಬರು. ಅದನ್ನ ಮರತಿದ್ದೆ ನಾ."

ಹೇಮಾವತಿ ಒಂದು ಹಳೆಯ ಅರ್ಜಿ ತೆರೆಯುತ್ತಾರೆ. ಮೌಸ್ ಒತ್ತಿ, ಕೈಬಿಟ್ಟು, ಎಡಗೈಯಿಂದ ಹೆಸರು, ವಿಳಾಸ, ಸರ್ವೆ ನಂಬರ್ ಹೊಡೆಯುತ್ತಾರೆ. ಒಂದೇ ಕೈ, ಹಾಗಾಗಿ ನಿಧಾನ. ಮುಗಿಸಿ ಮೌಸ್ ಮುಟ್ಟಿದರೆ ಬಾಣ ನಿಂತಿದೆ. ಕಳಕಪ್ಪ "ಮತ್ತೊಮ್ಮೆ" ಅನ್ನುತ್ತಾರೆ. ಮತ್ತೆ ಅದೇ. ಮೂರನೇ ಸಲ ಮೌಸನ್ನು ಸುಮ್ಮನೆ ಆಡಿಸುತ್ತಲೇ ಇರಲು ಹೇಳುತ್ತಾರೆ. ನಿಲ್ಲುವುದಿಲ್ಲ.

"ಆತು, ಸಿಕ್ತು" ಎನ್ನುತ್ತಾರೆ ಕಳಕಪ್ಪ, ತಮಗೇ ಹೇಳಿಕೊಂಡಂತೆ. "ನೀ ಟೈಪ್ ಮಾಡೂತನಕ ಕಂಪ್ಯೂಟರ್ ಈ ಮೌಸನ್ನ ಮಲಗಸ್ತೈತಿ. ನಾ ಅವತ್ತ ಕೈ ಬಿಡಲಾರದ ಆಡಿಸಿದೆ, ಅದಕ್ಕ ಗೊತ್ತಾಗಲಿಲ್ಲ."

ಕರೆಂಟ್ ಉಳಿಸಲೆಂದು, ಬಳಕೆಯಲ್ಲಿಲ್ಲದ ಸಾಧನವನ್ನು ಮಲಗಿಸುವ ಅನುಮತಿಯೊಂದು ಕಂಪ್ಯೂಟರಿನೊಳಗೆ ಇರುತ್ತದೆ. ಹಳೆಯ ಸಿಸ್ಟಮ್‌ನಲ್ಲಿ ಅದನ್ನು ಯಾರೋ ತೆಗೆದಿಟ್ಟಿದ್ದರು. ಹೊಸ ಸಿಸ್ಟಮ್ ಬಂದಾಗ ತಾನಾಗಿಯೇ ಮತ್ತೆ ಸೇರಿಕೊಂಡಿದೆ. ಅಲ್ಲಿಗೆ ಹೋಗಿ ಅಳಿಸಬೇಕೆಂದರೆ, ಇಷ್ಟು ಮಾತಾಡುವಷ್ಟರಲ್ಲಿ ಮೌಸ್ ಮತ್ತೆ ನಿಂತಿದೆ. ಕಳಕಪ್ಪ ಕೀಬೋರ್ಡ್ ಎಳೆದುಕೊಂಡು ಹತ್ತೂ ಬೆರಳು ಊರುತ್ತಾರೆ. ಕೀಲಿಗಳ ಕಡೆ ಕಣ್ಣು ಹಾಯಿಸದೆ ಒಂದರ ಹಿಂದೊಂದು ಪುಟ ದಾಟಿ, ಆ ಅನುಮತಿಯ ಮುಂದಿನ ಸರಿ ಗುರುತನ್ನು ತೆಗೆದುಹಾಕುತ್ತಾರೆ. ಕಬ್ಬಿಣದ ಕಪಾಟಿನ ಮರೆಯಲ್ಲಿದ್ದ, ಮೌಸಿನ ಸಂಕೇತ ಹಿಡಿಯುವ ಉಗುರಿನಷ್ಟು ದೊಡ್ಡ ರಿಸೀವರನ್ನು ಕಂಪ್ಯೂಟರಿನ ಹಿಂದಿನಿಂದ ಕಿತ್ತು ಮುಂದೆ ಸಿಕ್ಕಿಸುತ್ತಾರೆ. ಕಂಪ್ಯೂಟರ್ ಬಂದ್ ಮಾಡಿ ಚಾಲೂ ಮಾಡುತ್ತಾರೆ.

"ಈಗ ಒಂದು ಪೂರಾ ಪುಟ ಹೊಡಿಯವಾ. ಮೌಸ್ ಮುಟ್ಟಬ್ಯಾಡ."

ಹೇಮಾವತಿ ಒಂದೊಂದೇ ಅಕ್ಷರ ಒತ್ತುತ್ತಾರೆ. ಜವಾನನೂ ಕಸಬರಿಗೆ ಹಿಡಿದು ಪರದೆ ನೋಡುತ್ತಾ ನಿಂತಿದ್ದಾನೆ. ಪುಟ ಮುಗಿಯುತ್ತದೆ. ಬಲಗೈ ಬೆರಳು ಹಲಗೆಯ ಮೇಲೆ ಒಂದಿಷ್ಟು ಸರಿಯುತ್ತವೆ. ಬಾಣವೂ ಸರಿಯುತ್ತದೆ. ಕಳಕಪ್ಪ ಆಗಲೂ ಏಳುವುದಿಲ್ಲ. ಹತ್ತು ಗಂಟೆಯವರೆಗೆ, ಹನ್ನೊಂದು ಅರ್ಜಿ ಮುಗಿಯುವವರೆಗೆ ನೋಡುತ್ತಾ ಕೂರುತ್ತಾರೆ.

ಆ ದಿನ ಮೊದಲು ಬಂದವರು ಹಂಪವ್ವ ಎಂಬ ಅಜ್ಜಿ. ಪಿಂಚಣಿ ಅರ್ಜಿಗಾಗಿ ನಾಲ್ಕು ಸಲ ಬಂದು ಹಿಂದಿರುಗಿದವರು. ಬೆಳಿಗ್ಗೆ ಮುಗಿದ ಹನ್ನೊಂದು ಅರ್ಜಿಗಳಲ್ಲಿ ಅವರದೂ ಒಂದು. ಗೋಡೆಗೆ ಒರಗಿ ಕೂರಲು ಹೊರಟವರನ್ನು ಹೇಮಾವತಿ ಕೂಗಿ ಕರೆದು ರಸೀದಿ ಕೈಗಿಟ್ಟರು. "ಅಯ್ಯ, ಇನ್ನೂ ಕುಂತಿದ್ದಿಲ್ಲ, ಆಗೇ ಹೋತನವಾ" ಎಂದ ಅಜ್ಜಿ ರಸೀದಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

ಎರಡು ವಾರದ ಮೇಲೆ ಹೇಮಾವತಿಯವರಿಗೆ ಫೋನ್ ಮಾಡಿದೆ. ರಾಶಿ ಬಿದ್ದ ಅರ್ಜಿಗಳು ಮುಗಿದಿದ್ದವು. ಗುತ್ತಿಗೆಯೂ ಮುಂದುವರಿದಿತ್ತು, ಅದೇ ಕುರ್ಚಿಗೆ. ಟಪಾಲಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲವಂತೆ. ಅದನ್ನು ಕಳಕಪ್ಪನವರಿಗೆ ತಿಳಿಸಲು ಹೋದಾಗ ಅವರು ಕುಷ್ಟಗಿ ಬಸ್ ನಿಲ್ದಾಣದಲ್ಲಿ ಹನುಮಸಾಗರದ ಬಸ್ಸಿಗೆ ಕಾಯುತ್ತಿದ್ದರು. ಒಂದು ಶಾಲೆಯಲ್ಲಿ ಐದು ಕಂಪ್ಯೂಟರಿಗೆ ಹೊಸ ಸಿಸ್ಟಮ್ ಹಾಕಿದ್ದಾರಂತೆ.

"ಛಲೋ ಆತು" ಎಂದರು, ಅಷ್ಟೇ. ಹೇಮಾವತಿ ಆಮೇಲೆ ಫೋನ್ ಮಾಡಿದ್ದರೇ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿ ನಕ್ಕರು.

"ಮಾಡಬಾರದ್ರಿ. ನಾ ಹೋಗಿ ಬಂದ ಮ್ಯಾಲೆ ಆ ಆಫೀಸಿನ್ಯಾಗ ಯಾರಿಗೂ ನನ್ನ ನೆನಪು ಬರಬಾರದು. ಬರಲಿಲ್ಲಂದ್ರ ಕೆಲಸ ಸರಿ ಮಾಡೀನಿ ಅಂತ ತಿಳ್ಕೊಳ್ಳೋದು."