ಅರ್ಧ ಆಟಗಾರರಿಗೆ, ಅರ್ಧ ಮೈದಾನಕ್ಕೆ

ನಾವೆಲ್ಲ ಕಾಕಾ ಎಂದು ಕರೆಯುತ್ತಿದ್ದವರ ಬಲಗಾಲಿನ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಬರಿಗಾಲಲ್ಲಿ ಫುಟ್‌ಬಾಲ್ ಒದ್ದ ಕಾಲದ ಗುರುತು ಅದು. ನಾನು ಗೋಲ್‌ಕೀಪರ್ ಆಗಿ ತಂಡ ಸೇರುವ ಹೊತ್ತಿಗೆ ಅವರು ಆಟ ಬಿಟ್ಟು ನಿಪ್ಪಾಣಿಯಲ್ಲಿ ಖಾನಾವಳಿ ನಡೆಸುತ್ತಿದ್ದರು, ಜೊತೆಗೆ ನಮ್ಮ ಕ್ಲಬ್ಬಿನ ಕಾರ್ಯದರ್ಶಿ. ರೊಟ್ಟಿ ಬಡಿಸುವಾಗಲೂ ಜಗಳಕ್ಕೆ ನಿಂತವರಂತೆ ಕಾಣುತ್ತಿದ್ದರು.

ಎಂಬತ್ತರ ದಶಕದಲ್ಲಿ ನಮ್ಮ ಆಟಕ್ಕೆ ಟಿಕೇಟು ಎಲ್ಲಿಯದು? ಪಂದ್ಯ ಮುಗಿದ ಮೇಲೆ ಚಾದರ ಹಿಡಿದು ಮೈದಾನ ಸುತ್ತುತ್ತಿದ್ದೆವು. ಜನ ಖುಷಿಯಾದಷ್ಟು ಎಸೆಯುತ್ತಿದ್ದರು. ಬಿದ್ದದ್ದರಲ್ಲಿ ಅರ್ಧ ಆಡಿದವರಿಗೆ, ಅರ್ಧ ಮೈದಾನದ ಬಾಡಿಗೆಗೆ. ಬಾಡಿಗೆ ತಪ್ಪಿದರೆ ಅಲ್ಲಿ ತಂಬಾಕಿನ ಗೋದಾಮು ಕಟ್ಟಿಸಲು ಜಾಗದ ಮಾಲೀಕ ಕಾದು ಕುಳಿತಿದ್ದ.

ಒಂದು ವರ್ಷ ಫೈನಲ್ ತಲುಪಿದೆವು. ಎದುರಾಳಿ ಕ್ಲಬ್ಬಿನವರು ಕೊಲ್ಲಾಪುರದಿಂದ ಆಟಗಾರರನ್ನು ಕರೆಸಿದ್ದರು. ನಮ್ಮ ಅಧ್ಯಕ್ಷರಾದ ತಂಬಾಕಿನ ಸಾಹುಕಾರರಿಗೆ ತಡೆಯಲಾಗಲಿಲ್ಲ.

"ನಾವೂ ತರೂಣು. ಕೇಳಿದಷ್ಟು ಕೊಡೂಣು. ಕಮ್ಮಿ ಬಿದ್ದರ ನಾ ಹಾಕ್ತೀನಿ" ಎಂದರು.

"ಈ ವರ್ಷ ನೀವು ಹಾಕ್ತೀರಿ. ಮುಂದಿನ ವರ್ಷ ನಿಮ್ಮ ತಂಬಾಕ ಮಾರಲಿಲ್ಲಂದ್ರ ಅವರಿಗೆ ಯಾರು ಕೊಡೂದ್ರಿ?" ಎಂದರು ಕಾಕಾ. "ನನ್ನ ಖಾನಾವಳ್ಯಾಗ ಗಲ್ಲಾದಾಗಿನ ರೊಕ್ಕೆಲ್ಲಾ ಅಡಗಿಯವನ ಪಗಾರಕ್ಕ ಹೋದರ, ನಾ ಹಿಟ್ಟು ಎಲ್ಲಿಂದ ತರಲಿ?"

"ಸೋತರ?"

"ಸೋತರ ಮತ್ತ ಆಡ್ತೀವಿ. ಮೈದಾನ ಹೋದರ ಎಲ್ಲಿ ಆಡೂದು?"

ಸಾಹುಕಾರರು ಎದ್ದು ಹೋದವರು ಮತ್ತೆ ಕ್ಲಬ್ಬಿನ ಕಡೆ ತಲೆ ಹಾಕಲಿಲ್ಲ. ನಾವು ಊರ ಹುಡುಗರೇ ಆಡಿದೆವು, ಹೀನಾಯವಾಗಿ ಸೋತೆವು. ಚಾದರಕ್ಕೆ ರೊಕ್ಕದ ಜೊತೆ ಕಲ್ಲೂ ಬಿದ್ದವು. ಸಿಟ್ಟಿಗೆ ಊರವರು ಖಾನಾವಳಿಗೆ ಊಟಕ್ಕೆ ಬರುವುದನ್ನೇ ಬಿಟ್ಟರು. ಕಾಕಾ ಬಾಗಿಲಲ್ಲಿ ನಿಂತು, "ಹಸಿವಾದಾಗ ಬರ್ರಿ, ಬಿಸಿ ರೊಟ್ಟಿ ಐತಿ!" ಎಂದು ರಸ್ತೆಗೆಲ್ಲ ಕೇಳುವಂತೆ ಕೂಗುತ್ತಿದ್ದರು. ಕಲ್ಲು ಬಿದ್ದ ಆ ಚಾದರದಿಂದಲೇ ಬಾಡಿಗೆ ಕಟ್ಟಿದರು.

ಮರುವರ್ಷ, ನಮ್ಮನ್ನು ಸೋಲಿಸಿದ್ದ ಕ್ಲಬ್ಬಿಗೆ ರೊಕ್ಕ ಕೊಡುವವರು ಕೈ ಎತ್ತಿದರು. ಕೊಲ್ಲಾಪುರದವರು ರೊಕ್ಕ ಕೈಗೆ ಬರುವತನಕ ಬೂಟು ಹಾಕುವುದಿಲ್ಲ ಎಂದು ಗೆರೆಯ ಆಚೆ ಕುಳಿತರು. ಆ ಕ್ಲಬ್ಬು ಅಲ್ಲಿಗೇ ಮುಗಿಯಿತು. ಕಾಕಾರದ್ದು ಬರೀ ಹಟ ಎಂದು ಈಗಲೂ ಹೇಳುವವರಿದ್ದಾರೆ. ಹೌದು, ಹಟವೇ. ಆ ಹಟ ಇರದಿದ್ದರೆ ನಾನು ಇನ್ನೂ ಹತ್ತು ವರ್ಷ ಗೋಲಿನ ಮುಂದೆ ನಿಲ್ಲುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ, ನಮ್ಮದೊಂದು ಪಂದ್ಯದ ದಿನವೇ ಬೆಳಿಗ್ಗೆ ಕಾಕಾ ತೀರಿಕೊಂಡರು. ಮಣ್ಣು ಮುಗಿಸಿ ಬಂದು, ಸಂಜೆಯ ಪಂದ್ಯ ರದ್ದು ಮಾಡುತ್ತೇವೆಂದು ಅವರ ಹೆಂಡತಿ ಕಾಕೂಗೆ ಹೇಳಿದೆವು. ಕಾಕೂ ಸೆರಗಿನಿಂದ ಮುಖ ಒರೆಸಿಕೊಂಡು ನಮ್ಮನ್ನೇ ಗದರಿದರು.

"ಯಾಕ ರದ್ದು ಮಾಡ್ತೀರಿ? ಈ ವರ್ಷದ ಬಾಡಿಗಿ ಕೊಟ್ಟ ಹೋಗ್ಯಾರ ಅವರು. ಹೋಗ್ರಿ, ಆಡ್ರಿ."

ಅಳುತ್ತಲೇ ಹೋಗಿ ಆಡಿದೆವು.