ನಾಲ್ಕು ಸೆಂಟಿಮೀಟರ್

ಅಣುವಿದ್ಯುತ್ ಸ್ಥಾವರದ ಗೇಟು ದಾಟಿದರೆ ಎಡಗಡೆಗೆ ಕಿಟಕಿಯಿಲ್ಲದ ಒಂದು ಕೋಣೆ. ಅಲ್ಲಿ ಹತ್ತೊಂಬತ್ತು ವರ್ಷದಿಂದ ಕೂತವಳನ್ನು, ಅವಳಿಗಿಂತ ದೊಡ್ಡವರೂ ಸೇರಿ, ಎಲ್ಲರೂ ಬ್ಯಾಡ್ಜಕ್ಕ ಎಂದೇ ಕರೆಯುತ್ತಿದ್ದರು. ಸ್ಥಾವರದೊಳಗೆ ದುಡಿಯುವ ಪ್ರತಿಯೊಬ್ಬರೂ ಎದೆಗೊಂದು ಬ್ಯಾಡ್ಜ್ ಸಿಕ್ಕಿಸಿಕೊಳ್ಳಬೇಕು. ಮೈಗೆ ತಾಗಿದ ವಿಕಿರಣದ ಗುರುತು ಅದರೊಳಗಿನ ಪುಟ್ಟ ಬಿಲ್ಲೆಯಲ್ಲಿ ಉಳಿದಿರುತ್ತದೆ. ತಿಂಗಳಿಗೊಮ್ಮೆ ಆ ಬಿಲ್ಲೆಯನ್ನು ಯಂತ್ರದಲ್ಲಿ ಕಾಯಿಸಿದರೆ ಮಿಣುಕು ಬೆಳಕು ಬರುತ್ತದೆ. ಬೆಳಕು ಹೆಚ್ಚಾದಷ್ಟೂ ತಾಗಿದ ವಿಕಿರಣ ಹೆಚ್ಚು. ಅದನ್ನು ಓದಿ ಬರೆದಿಡುವುದು ಅವಳ ಕೆಲಸ.

ಅವಳ ಅಣ್ಣ ಅದೇ ಸ್ಥಾವರದಲ್ಲಿ ವೆಲ್ಡರ್. ರಿಯಾಕ್ಟರ್ ಕಟ್ಟಡದ ಇಕ್ಕಟ್ಟಿನಲ್ಲಿ ಮಲಗಿಕೊಂಡು ಕೊಳವೆ ಬೆಸೆಯುವುದರಲ್ಲಿ ಎತ್ತಿದ ಕೈ. ತಿಂಗಳ ಕೊನೆಗೆ ಬ್ಯಾಡ್ಜ್ ಕೊಡಲು ಬಂದಾಗ, "ಏನೇ ಪುಟ್ಟಿ, ಈ ಸಲ ಪಾಸೋ ಫೇಲೋ?" ಎಂದು ಕೇಳದೆ ಹೋದವನಲ್ಲ.

ವಿಕಿರಣ ಸುರಕ್ಷತೆಯ ಕೆಲಸದವರಿಗೆ ಒಂದು ಸಂಘವಿತ್ತು. ವರ್ಷಕ್ಕೊಂದು ಭಾಷಣ, ಮೇಲೊಂದು ಊಟ. ಅದಕ್ಕೇ ಬ್ಯಾಡ್ಜಕ್ಕ ಅದನ್ನು ಊಟದ ಸಂಘ ಎನ್ನುತ್ತಿದ್ದಳು. ಆ ವರ್ಷ ಮಾತ್ರ ಏಳು ದೇಶಗಳ ಇಂಥ ಸಂಘಗಳು ಒಟ್ಟಿಗೆ ಕೂತು, ನಾವೆಲ್ಲ ಒಂದೇ ಅಳತೆಯಲ್ಲಿ ಅಳೆಯುತ್ತಿದ್ದೇವೆಯೇ ನೋಡೋಣ ಎಂದುಕೊಂಡವು. ಒಂದು ದೇಶದ ಸಂಘ ಹತ್ತು ಹತ್ತು ಬ್ಯಾಡ್ಜುಗಳಿಗೆ ಗೊತ್ತಾದಷ್ಟು ವಿಕಿರಣ ಕೊಟ್ಟು, ಎಷ್ಟೆಂದು ಹೇಳದೆ ಏಳು ಪ್ರಯೋಗಾಲಯಗಳಿಗೆ ಕಳಿಸಿತು. ಯಾರ ಮರ್ಯಾದೆಯೂ ಹೋಗದಿರಲೆಂದು ಒಬ್ಬೊಬ್ಬರಿಗೆ ಒಂದು ಗುಟ್ಟಿನ ನಂಬರು. ಬ್ಯಾಡ್ಜಕ್ಕನ ಕೋಣೆಗೆ ಐದು.

ಫಲಿತಾಂಶ ಬಂತು. ಆರು ಕಡೆಯವರದ್ದು ಎರಡು ಮೂರು ಪರ್ಸೆಂಟಿನ ಆಚೀಚೆ ಇತ್ತು. ಐದನೇ ನಂಬರು ಮಾತ್ರ ಹತ್ತಕ್ಕೆ ಹತ್ತೂ ಎಂಟು ಪರ್ಸೆಂಟ್ ಕಡಿಮೆ.

"ನಿಯಮ ಇದಕ್ಕಿಂತ ಎಷ್ಟೋ ಜಾಸ್ತಿ ಒಪ್ಪುತ್ತೆ," ಎಂದರು ವಿಭಾಗದ ಮುಖ್ಯಸ್ಥರು. "ನಂಬರು ಯಾರದ್ದು ಅಂತ ಯಾರಿಗೂ ಗೊತ್ತಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ನೀವ್ಯಾಕೆ ಹೆಗಲು ಮುಟ್ಟಿ ನೋಡ್ಕೊಳ್ತೀರಿ?"

"ಆಚೀಚೆ ಚದುರಿದ್ರೆ ನಾನೂ ಬಿಡ್ತಿದ್ದೆ ಸಾರ್. ಹತ್ತೂ ಒಂದೇ ಕಡೆಗೆ ವಾಲಿವೆ."

ಹನ್ನೊಂದು ದಿನ ಹುಡುಕಿದಳು. ಯಂತ್ರ ಸರಿಯಿತ್ತು, ಓದಿದ ಬಿಲ್ಲೆಗಳ ಹಳೇ ಗುರುತು ಅಳಿಸುವ ಓವನ್ ಸರಿಯಿತ್ತು. ಕೊನೆಗೆ ಪಕ್ಕದ ಪರೀಕ್ಷಾ ಕೋಣೆಗೆ ಹೋದಳು. ಪ್ರಮಾಣ ಗೊತ್ತಿರುವ ವಿಕಿರಣದ ಆಕರವೊಂದು ಅಲ್ಲಿ ಉಕ್ಕಿನ ಪೆಟ್ಟಿಗೆಯೊಳಗಿದೆ. ಅದರಿಂದ ಸರಿಯಾಗಿ ಒಂದು ಮೀಟರ್ ದೂರದಲ್ಲಿ ಬಿಲ್ಲೆಗಳನ್ನಿಟ್ಟು ಯಂತ್ರವನ್ನು ಹೊಂದಿಸಿಕೊಳ್ಳುತ್ತಿದ್ದರು. ಮೂರು ವರ್ಷದ ಹಿಂದೆ ಆ ಕೋಣೆಯ ನೆಲ ಕಿತ್ತು ಹೊಸದು ಹಾಕಿದ್ದರು. ದೂರದ ಗೆರೆಯನ್ನೂ ಹೊಸದಾಗಿ ಎಳೆದಿದ್ದರು. ಹಳೇ ನಕ್ಷೆ ಹರಡಿಕೊಂಡು, ಮೊಣಕಾಲೂರಿ ಟೇಪು ಹಿಡಿದಳು. ಆಕರವಿರುವ ಜಾಗದಿಂದ ಅಳೆಯುವ ಬದಲು ಪೆಟ್ಟಿಗೆಯ ಹಿಂದಿನ ತಗಡಿನಿಂದ ಅಳೆದಿದ್ದರು. ಗೆರೆ ನಾಲ್ಕು ಸೆಂಟಿಮೀಟರ್ ಹತ್ತಿರಕ್ಕೆ ಬಿದ್ದಿತ್ತು. ಹತ್ತಿರವಾದಷ್ಟೂ ಬಿಲ್ಲೆಗೆ ಬೀಳುವುದು ಜಾಸ್ತಿ. ಆ ಜಾಸ್ತಿಯನ್ನೇ ಸರಿ ಎಂದು ನಂಬಿದ ಯಂತ್ರ ಎಲ್ಲರ ಬ್ಯಾಡ್ಜನ್ನೂ ಕಡಿಮೆ ಓದುತ್ತಿತ್ತು.

ಹೊಸ ಗೆರೆ ಎಳೆದ ದಿನ "ಪರಿಶೀಲಿಸಲಾಗಿದೆ" ಎಂದು ಸಹಿ ಹಾಕಿದವಳು ಅವಳೇ. ಸಹಿ ಹಾಕುವಾಗ ಟೇಪು ಹಿಡಿದಿರಲಿಲ್ಲ. ಅದು ನೆನಪಾಗಿ ಅವಳಿಗೆ ನೆಲಕ್ಕಿಳಿದು ಹೋಗುವಷ್ಟು ನಾಚಿಕೆಯಾಯಿತು.

"ಗೆರೆ ಸರಿ ಮಾಡಿ, ಇವತ್ತಿಂದ ಸರಿಯಾಗಿ ಓದಿ. ಸಾಲದಾ?" ಎಂದರು ಮುಖ್ಯಸ್ಥರು.

"ಮೂರು ವರ್ಷದ್ದು? ಉಳಿದ ದೇಶದ ಸಂಘದವರಿಗೂ ಹೇಳ್ಬೇಕು ಸಾರ್. ನಮ್ಮಲ್ಲಾದದ್ದು ಇನ್ನೊಬ್ಬರಲ್ಲೂ ಆಗಿರಬಹುದು."

ಮರುದಿನ ಬೆಳಿಗ್ಗೆ ಮುಖ್ಯಸ್ಥರು ತಾವೇ ಕೋಣೆಗೆ ಬಂದು, ಅವಳು ಬರೆದ ಕಾಗದ ಎರಡು ಸಲ ಓದಿ, ಅವಳ ಸಹಿಯ ಕೆಳಗೆ ತಮ್ಮದನ್ನೂ ಹಾಕಿದರು. ಐದನೇ ನಂಬರು ನಾವೇ ಎಂದು ಮೊದಲ ಸಾಲಿನಲ್ಲೇ ಇತ್ತು.

ಕಾಗದ ಏಳೂ ದೇಶಕ್ಕೆ ಹೋಯಿತು. ಎಲ್ಲರೂ ತಂತಮ್ಮ ಗೆರೆ ಅಳೆದರು. ಒಂದು ಕಡೆ ಒಂದೂವರೆ ಸೆಂಟಿಮೀಟರ್ ತಪ್ಪು ಸಿಕ್ಕಿತು. ಇನ್ನು ಮುಂದೆ ಒಂದು ದೇಶದ ತಂತ್ರಜ್ಞರು ಇನ್ನೊಂದು ದೇಶಕ್ಕೆ ಹೋಗಿ ಅಳೆಯಲಿ, ತನ್ನ ತಪ್ಪು ತನಗೆ ಕಾಣುವುದಿಲ್ಲ ಎಂದು ಸಂಘಗಳು ಒಪ್ಪಂದ ಮಾಡಿಕೊಂಡವು.

ಇತ್ತ ನಾನೂರ ಹನ್ನೆರಡು ಜನರ ಮೂರು ವರ್ಷದ ದಾಖಲೆಯನ್ನು ಬ್ಯಾಡ್ಜಕ್ಕ ಮತ್ತೆ ಬರೆದಳು. ಕಾನೂನಿನ ಮಿತಿಯನ್ನು ಯಾರೂ ದಾಟಿರಲಿಲ್ಲ. ಆದರೆ ಸ್ಥಾವರ ತಾನೇ ಹಾಕಿಕೊಂಡ, ಅದಕ್ಕಿಂತ ಬಿಗಿಯಾದ ವಾರ್ಷಿಕ ಮಿತಿಯನ್ನು ಆ ವರ್ಷ ಇಬ್ಬರು ದಾಟಿದ್ದರು. ಒಬ್ಬ ಅಣ್ಣ, ಇನ್ನೊಬ್ಬ ಅವನ ಜೊತೆಗಾರ. ವರ್ಷ ಮುಗಿಯುವವರೆಗೆ ಇಬ್ಬರೂ ರಿಯಾಕ್ಟರ್ ಕಟ್ಟಡಕ್ಕೆ ಕಾಲಿಡುವಂತಿಲ್ಲ. ಹೊರಗಿನ ಶೆಡ್ಡಿನಲ್ಲಿ ಹೊಸಬರಿಗೆ ವೆಲ್ಡಿಂಗ್ ಕಲಿಸಬೇಕು.

"ಒಡಹುಟ್ಟಿದವಳೇ ನನ್ನ ಅನ್ನಕ್ಕೆ ಕಲ್ಲು ಹಾಕಿದ್ಲು," ಎಂದು ಅಣ್ಣ ಮನೆಯಲ್ಲಿ ಕೂಗಾಡಿದ. ಸಂಬಳ ಅಷ್ಟೇ ಇತ್ತು, ಹೋದದ್ದು ಗತ್ತು. ಎರಡು ತಿಂಗಳು ತಂಗಿಯ ಜೊತೆ ಮಾತು ಬಿಟ್ಟ. ಎದುರಿಗೆ ಬಂದರೆ ಚಪ್ಪಲಿ ನೋಡಿಕೊಂಡು ನಡೆಯುತ್ತಿದ್ದ.

"ಸುಮ್ನಿರಮ್ಮ, ತಾನಾಗೇ ಇಳಿಯುತ್ತೆ," ಎಂದಳು ಅತ್ತಿಗೆ. "ಅವರು ಒಳಗೆ ಹೋಗ್ತಿದ್ದಾಗ ರಾತ್ರಿ ಕೆಮ್ಮಿದ್ರೂ ಸಾಕು, ನಾನು ಎದ್ದು ಕೂತ್ಕೊಳ್ತಿದ್ದೆ. ಈಗ ನಿದ್ದೆ ಬರ್ತಿದೆ. ಅದನ್ನ ಅವರಿಗೆ ಹೇಳ್ಬೇಡ."

ಬೇರೆ ದೇಶಕ್ಕೆ ಅಳೆಯಲು ಹೋಗುವ ಮೊದಲ ಸರದಿ ಬ್ಯಾಡ್ಜಕ್ಕನಿಗೇ ಬಂತು. ಅಲ್ಲಿನ ತಂತ್ರಜ್ಞ ಬೋಳುತಲೆಯ ನಗುಮುಖದವ. ಒಬ್ಬರ ಭಾಷೆ ಒಬ್ಬರಿಗೆ ತಿಳಿಯದು. ಅವನು ಟೇಪಿನ ಒಂದು ತುದಿ ಹಿಡಿದ, ಇವಳು ಇನ್ನೊಂದು. ಅಂಕಿಗಳು ಇಬ್ಬರಿಗೂ ಬರುತ್ತಿದ್ದವು. ಮೂರು ದಿನ ಅಳೆದು, ಒಂದೇ ಹಾಳೆಗೆ ಇಬ್ಬರೂ ಸಹಿ ಮಾಡಿದರು. ಅಲ್ಲಿ ತಪ್ಪೇನೂ ಇರಲಿಲ್ಲ.

ವಾಪಸು ಬಂದಾಗ ರೈಲು ನಿಲ್ದಾಣದಲ್ಲಿ ಅಣ್ಣ ನಿಂತಿದ್ದ. ಪೆಟ್ಟಿಗೆ ಕಸಿದುಕೊಂಡು ಮುಂದೆ ನಡೆದವನು, ಮೆಟ್ಟಿಲ ಹತ್ತಿರ ನಿಂತ.

"ಅಲ್ಲ ಕಣೇ, ನನ್ನದು ದಾಟಿದೆ ಅಂತ ಬರೆಯುವಾಗ ಅಣ್ಣ ಅಂತ ಅನ್ನಿಸಲಿಲ್ವಾ?"

"ಅನ್ನಿಸ್ತು. ಅದಕ್ಕೇ ಎರಡು ಸಲ ಲೆಕ್ಕ ಹಾಕ್ದೆ. ಎರಡು ಸಲವೂ ಅಷ್ಟೇ ಬಂತು."

"ಹೂಂ," ಎಂದ ಅಣ್ಣ. ಪೆಟ್ಟಿಗೆ ಇನ್ನೊಂದು ಕೈಗೆ ಬದಲಿಸಿಕೊಂಡು, "ಶೆಡ್ಡಲ್ಲಿ ಒಬ್ಬಳು ಕಲೀತಿದಾಳೆ. ಬೆಸುಗೆ ನೀಟಾಗಿ ಹಾಕ್ತಾಳೆ, ಆದ್ರೆ ನಾನು ಹೇಳಿದ್ದೆಲ್ಲ ಅಳೆದು ನೋಡಿ ಆಮೇಲೆ ನಂಬ್ತಾಳೆ. ನಿನ್ನ ಜಾತಿಯೇ," ಎಂದ.

ಹೊಸ ವರ್ಷಕ್ಕೆ ಅಣ್ಣ ಮತ್ತೆ ಒಳಗಿನ ಕೆಲಸಕ್ಕೆ ಹೋದ. ವಾರಕ್ಕೆ ಎರಡು ಮಧ್ಯಾಹ್ನ ಮಾತ್ರ ಶೆಡ್ಡಿನಲ್ಲಿ ಕಲಿಸಲು ಬೇಕೆಂದು ಕೇಳಿ ಬರೆಸಿಕೊಂಡ.